ಅಭ್ಯಾಸಕ್ಕೂ ಆಟಕ್ಕೂ ಒಂದೇ ಮಷಿನ್

ನಮ್ಮ ಲ್ಯಾಪ್‌ಟಾಪ್ ಅಂಗಡಿಗೆ ಬರುವವರು ಸಾಮಾನ್ಯವಾಗಿ ಒಂದು ಸುಳ್ಳು ಹೇಳಿಕೊಂಡೇ ಒಳಗೆ ಕಾಲಿಡುತ್ತಾರೆ. ಮಕ್ಕಳಾದರೆ "ಬರೇ ಅಭ್ಯಾಸಕ್ಕ ರೀ" ಎನ್ನುತ್ತಾರೆ. ದೊಡ್ಡವರಾದರೆ "ಸುಮ್ನ ನೋಡಾಕ ಬಂದೀವಿ" ಎನ್ನುತ್ತಾರೆ. ಆ ದಿನ ಖಾನಾಪುರದಿಂದ ಬೆಳಗಾವಿಗೆ ಬಂದ ಅಪ್ಪ ಮಗಳು ಇಬ್ಬರೂ ನಿಜವನ್ನೇ ಹೇಳಿದರು. ಅದಕ್ಕೇ ಇರಬೇಕು, ಅವರು ನನಗೆ ಕೂಡಲೇ ಹಿಡಿಸಿಬಿಟ್ಟರು.

"ಅಭ್ಯಾಸಕ್ಕೂ ಬೇಕ್ರೀ, ಆಟಕ್ಕೂ ಬೇಕು," ಎಂದಳು ಮಗಳು. ಪಿಯುಸಿ ಎರಡನೇ ವರ್ಷ, ವಿಜ್ಞಾನ. ಕಂಪ್ಯೂಟರಿನಲ್ಲಿ ಕಾರು ರೇಸಿನ ಆಟ ಆಡುತ್ತಾಳೆ. ಬೆಳಗಾವಿಯ ಒಂದು ಕಾಲೇಜಿನ ಉತ್ಸವದಲ್ಲಿ ಆ ಆಟದ ಸ್ಪರ್ಧೆ ಇತ್ತು. ಮೊದಲ ಸುತ್ತನ್ನು ಸೋದರಮಾವನ ಹಳೆಯ ಕಂಪ್ಯೂಟರಿನಲ್ಲಿ ಮನೆಯಿಂದಲೇ ಆಡಿ ದಾಟಿದ್ದಳು. ಕೊನೆಯ ಸುತ್ತಿಗೆ ಮಾತ್ರ ಎಲ್ಲರೂ ತಮ್ಮ ತಮ್ಮ ಲ್ಯಾಪ್‌ಟಾಪ್ ಹೊತ್ತುಕೊಂಡು ಸಭಾಂಗಣಕ್ಕೇ ಬರಬೇಕಿತ್ತು.

ಅಪ್ಪ ಬೆಳಗಾವಿ-ಖಾನಾಪುರ ದಾರಿಯ ಮಚ್ಛೆಯ ಒಂದು ಸಣ್ಣ ಕಾರ್ಖಾನೆಯಲ್ಲಿ ಲೇಥ್ ಯಂತ್ರದ ಮೇಲೆ ಕೆಲಸ ಮಾಡುವವರು. "ನಮ್ಮಪ್ಪ ಕುರಿ ಕಾಯ್ದ, ನಾ ಮಷಿನ್ ಕಾಯತೀನಿ," ಎಂದು ಪರಿಚಯ ಹೇಳಿಕೊಂಡು ನಕ್ಕರು. ಆಮೇಲೆ ನಗು ಒಳಗಿಟ್ಟು ತಮ್ಮ ಷರತ್ತು ಹೇಳಿದರು.

"ನೋಡ್ರಿ ಮೇಡಂ, ನಾ ಅಭ್ಯಾಸದ ಸಲುವಾಗಿ ತಗೋತೀನಿ. ಆಟಕ್ಕೂ ಬರತೈತಿ ಅಂದ್ರ ಬರ್ಲಿ, ನಂದೇನೂ ತಕರಾರಿಲ್ಲ. ಆದರ ಆಟದಿಂದ ಮಷಿನ್ ಕೆಟ್ಟಿತು ಅಂದ್ರ ಆಟ ಅವತ್ತಿಗೇ ಬಂದ್. ಇಕಿಗೂ ಹೇಳೀನಿ, ನಿಮಗೂ ಹೇಳತೀನಿ."

ಮಗಳು ತಲೆಯಾಡಿಸಿದಳು. ಒಪ್ಪಿಕೊಂಡ ಮುಖ ಅದು. ಹೆದರಿಕೊಂಡ ಮುಖವೂ ಅದೇ.

ಅಂಗಡಿ ನನ್ನ ಅಣ್ಣನದು. ಮಾರುವ ಮಾತು ಅವನದು. ಯಾರಿಗೆ ಯಾವ ಮಷಿನ್ ಎಂಬ ತೀರ್ಮಾನವೂ ರಿಪೇರಿಯ ಮೇಜೂ ನನ್ನದು. ನಮ್ಮ ಮನೆ ವಡಗಾವಿಯಲ್ಲಿ, ಮಗ್ಗಗಳ ಸದ್ದಿನ ನಡುವೆ. ಮನೆಯಲ್ಲಿ ದಖ್ಖನಿ ಉರ್ದು, ಅಂಗಡಿಯಲ್ಲಿ ಕನ್ನಡ ಮತ್ತು ಮರಾಠಿ, ಸಿಟ್ಟು ಬಂದರೆ ಮೂರೂ ಒಟ್ಟಿಗೇ. ಕಡಿಮೆ ದುಡ್ಡಿನಲ್ಲಿ ಎರಡು ಕೆಲಸಕ್ಕೂ ಒದಗುವ ಮಷಿನ್ ಆರಿಸುವುದೆಂದರೆ ನನಗೆ ಹಬ್ಬ. ದುಡ್ಡು ಸುರಿದು ದೊಡ್ಡದನ್ನು ಕೊಳ್ಳುವವರಿಗೆ ನಾನು ಯಾಕೆ ಬೇಕು? ಡಬ್ಬ ಎತ್ತಿಕೊಟ್ಟರೆ ಆಯಿತು. ಇಂಥವರು ಬಂದಾಗಲೇ ನನ್ನ ಕೈ ತುರಿಸತೊಡಗುತ್ತದೆ.

ನನ್ನದೊಂದು ಪದ್ಧತಿ ಇದೆ. ಮಷಿನ್ ತೋರಿಸುವ ಮೊದಲು ಗಿರಾಕಿಯ ಕೆಲಸ ತರಿಸಿಕೊಳ್ಳುತ್ತೇನೆ. ಅವಳಿಗೂ ಹಾಗೇ ಹೇಳಿ ಕಳಿಸಿದೆ: ನಿನ್ನ ಪಾಠದ ವಿಡಿಯೋ, ಪ್ರಾಜೆಕ್ಟಿನ ಕಡತ, ನೋಟ್ಸು ಎಲ್ಲ ಪೆನ್‌ಡ್ರೈವಿನಲ್ಲಿ ಹಾಕಿಕೊಂಡು ಬಾ, ಕಾಲೇಜಿಗೆ ಹೊರುವ ಚೀಲವನ್ನೂ ಪುಸ್ತಕ ಸಮೇತ ತಾ. ಮರುದಿನ ಅಪ್ಪನ ಜೊತೆ ಅಷ್ಟನ್ನೂ ಹೊತ್ತುಕೊಂಡು ಬಂದಳು.

ಮೊದಲು ಅಣ್ಣ ತನ್ನ ಮೆಚ್ಚಿನದನ್ನು ಮುಂದಿಟ್ಟ. ಕೀಲಿಮಣೆಯ ತುಂಬ ಕೆಂಪು, ನೀಲಿ, ಹಸಿರು ದೀಪ. ಅದಕ್ಕೆ ನಾನಿಟ್ಟ ಹೆಸರು ದೀಪಾವಳಿ ಮಷಿನ್. ಆಟವನ್ನೇನೋ ಚೆನ್ನಾಗಿಯೇ ಓಡಿಸಿತು. ಹುಡುಗಿಯ ಕಣ್ಣು ದೊಡ್ಡವಾದವು. ನಾನು ಚಾರ್ಜರ್ ಕಿತ್ತು ಅವಳ ಪಾಠದ ವಿಡಿಯೋ ಹಚ್ಚಿ ಪಕ್ಕಕ್ಕಿಟ್ಟೆ. ಅವಳ ಕಾಲೇಜಿನ ಬೆಂಚಿನ ಹತ್ತಿರ ಪ್ಲಗ್ ಇಲ್ಲವೆಂದು ಮೊದಲೇ ಕೇಳಿಕೊಂಡಿದ್ದೆ. ನಾವು ಚಹ ಕುಡಿದು, ಅವಳ ಪ್ರಾಜೆಕ್ಟು, ನೋಟ್ಸು ಎಲ್ಲ ನೋಡಿ ಮುಗಿಸುವಷ್ಟರಲ್ಲಿ ಅದು ಕಣ್ಣು ಮುಚ್ಚಿತು.

"ಎರಡು ತಾಸಿನ ಪ್ರಾಕ್ಟಿಕಲ್ ಕ್ಲಾಸಿಗೂ ಸಾಲೂದಿಲ್ಲ ಇದು," ಎಂದೆ. ಅಣ್ಣ ಮೂಗು ಮುರಿದು ಅದನ್ನು ಡಬ್ಬಕ್ಕೆ ಹಾಕಿದ.

ಎರಡನೆಯದು ತೆಳ್ಳಗೆ, ಹಗುರಾಗಿ, ನೋಡಲು ಚೆಂದ. ಬ್ಯಾಟರಿ ಸಂಜೆಯವರೆಗೂ ಬರುತ್ತಿತ್ತು. ಆದರೆ ಚಿತ್ರ ಮೂಡಿಸಲು ಪ್ರತ್ಯೇಕ ಗ್ರಾಫಿಕ್ಸ್ ಚಿಪ್ ಇರಲಿಲ್ಲ. ಆಟ ಹಚ್ಚಿದರೆ ಕಾರು ಓಡುವುದನ್ನು ಬಿಟ್ಟು ತಿರುವು ತಿರುವಿಗೂ ನಿಂತು ಫೋಟೋ ತೆಗೆಸಿಕೊಳ್ಳುತ್ತಿತ್ತು. ಹುಡುಗಿ ಅದನ್ನು ಮೆಲ್ಲಗೆ ನನ್ನ ಕಡೆ ಸರಿಸಿದಳು.

ಮೂರನೆಯದನ್ನು ನಾನು ಒಳಗಿನಿಂದ ತಂದೆ. ಹಿಂದಿನ ವರ್ಷದ ಮಾದರಿ, ಬೂದು ಬಣ್ಣ, ದೀಪ ಗೀಪ ಏನೂ ಇಲ್ಲ. ಬ್ಯಾಂಕಿನ ಗುಮಾಸ್ತರ ಮೇಜಿನ ಮೇಲೆ ಇರುವಂಥದ್ದು. ಅಣ್ಣನಿಗೆ ಅದರ ಮೇಲೆ ಎಂದೂ ಪ್ರೀತಿ ಇರಲಿಲ್ಲ. ನನಗಿತ್ತು. ಒಂದೇ ಹೆಸರಿನ ಗ್ರಾಫಿಕ್ಸ್ ಚಿಪ್ಪಿಗೆ ಒಬ್ಬ ತಯಾರಕ ಹೊಟ್ಟೆ ತುಂಬ ವಿದ್ಯುತ್ ಕೊಡುತ್ತಾನೆ, ಇನ್ನೊಬ್ಬ ಉಪವಾಸ ಕೆಡವುತ್ತಾನೆ. ಡಬ್ಬದ ಮೇಲೆ ಹೆಸರು ಮಾತ್ರ ಇರುತ್ತದೆ. ಹೊಟ್ಟೆಯ ಸಂಗತಿ ಓಡಿಸಿ ನೋಡಿದವರಿಗೇ ಗೊತ್ತು. ಈ ಬೂದು ಮಷಿನ್ ತನ್ನ ಸಾಧಾರಣ ಚಿಪ್ಪಿಗೆ ಪೂರ್ತಿ ಊಟ ಹಾಕುತ್ತಿತ್ತು. ಮೆಮೊರಿ ಪಟ್ಟಿಗೆ ಎರಡು ಖಾನೆ ಇದ್ದು ಒಂದು ಖಾಲಿ ಇತ್ತು. ಅದಕ್ಕೆ ಇನ್ನೊಂದು ಪಟ್ಟಿ ಸಿಕ್ಕಿಸಿದೆ. ಎರಡು ಪಟ್ಟಿ ಜೋಡಿಯಾಗಿ ದುಡಿದರೆ ಒಂದೇ ದೊಡ್ಡ ಪಟ್ಟಿಗಿಂತ ಆಟ ಸಲೀಸಾಗುತ್ತದೆ. ಪರದೆಯ ಬಣ್ಣ ತುಸು ಮಂಕು, ಅದನ್ನು ಮುಚ್ಚಿಡದೆ ಹೇಳಿದೆ.

ಆಟ ಹಚ್ಚಿದಳು. ಕಾರು ನೀರಿನ ಹಾಗೆ ಹರಿಯಿತು. ಅರ್ಧ ಗಂಟೆ ಆಡಿಸಿದೆ, ಬಿಸಿ ಅಳೆಯುವ ತಂತ್ರಾಂಶ ಪಕ್ಕದಲ್ಲೇ ತೆರೆದಿಟ್ಟಿದ್ದೆ. ಎಲ್ಲಿಯೂ ಮಿತಿ ಮೀರಲಿಲ್ಲ. ಆಟ ನಿಲ್ಲಿಸಿ ಪ್ರಾಜೆಕ್ಟ್ ತೆರೆದಳು, ವಿಡಿಯೋ ಹಚ್ಚಿದಳು, ಚಾರ್ಜರ್ ಕಿತ್ತೆವು. ಮಷಿನ್ ಚಕಾರ ಎತ್ತಲಿಲ್ಲ. ಕೊನೆಗೆ ಅದನ್ನು ಅವಳ ಚೀಲಕ್ಕೆ ಹಾಕಿ, ಬೀದಿಯ ತುದಿಯವರೆಗೆ ಹೋಗಿ ಬಾ ಎಂದೆ. ಪುಸ್ತಕ, ಡಬ್ಬಿ, ಲ್ಯಾಪ್‌ಟಾಪ್ ಹೊತ್ತು ಮಾರ್ಕೆಟ್ ಗದ್ದಲದಲ್ಲಿ ಹೋಗಿ, ಬರುವಾಗ ಓಡಿಕೊಂಡು ಬಂದಳು.

"ಹೊರಾಕ ಆಗತೈತೇನ?" ಎಂದರು ಅಪ್ಪ.

"ಆಗತೈತಪ್ಪಾ. ಇದ ಇರ್ಲಿ," ಎಂದಳು, ಇನ್ನೂ ಏದುಸಿರು ಬಿಡುತ್ತ.

ನನಗೆ ಎಷ್ಟು ಖುಷಿಯಾಯಿತೆಂದರೆ ಆ ದಿನ ಅಣ್ಣನ ಜೊತೆ ಜಗಳವನ್ನೇ ಆಡಲಿಲ್ಲ. ಕಳಿಸುವಾಗ ಎಲ್ಲ ಎಚ್ಚರಿಕೆ ಹೇಳಿದೆ. ಹಾಸಿಗೆಯ ಮೇಲಿಟ್ಟು ಆಡಬೇಡ, ಕೆಳಗಿನ ಜಾಲರಿ ಮುಚ್ಚಿಹೋಗುತ್ತದೆ. ಬಾಜುವಿನಲ್ಲಿ ನೀರು ಇಡಬೇಡ. ಆಡುವಾಗ ಚಾರ್ಜರ್ ಹಚ್ಚಿಯೇ ಆಡು. ಅಪ್ಪನೂ ಬಾಯಲ್ಲಿ ಹೇಳಿಕೊಂಡು ಬಾಯಿಪಾಠ ಮಾಡಿಕೊಂಡರು. ರವಿವಾರ ಪೂಜೆ ಮಾಡಿ ಶುರು ಮಾಡುತ್ತೇವೆ ಎಂದು ಹೇಳಿ ಬಸ್ಸಿಗೆ ಹೋದರು.

ಮುಂದಿನ ವಾರ ಹುಡುಗಿಯ ಫೋನ್ ಬಂತು. ದನಿ ಸಣ್ಣದಾಗಿತ್ತು.

"ಅಕ್ಕಾರ, ಆಟ ನಿಂತ ನಿಂತ ಹೋಗಾಕತ್ತೈತ್ರಿ. ಮೊದಲ ಸ್ವಲ್ಪ ಹೊತ್ತು ಚಲೋ ಓಡತೈತಿ. ಆಮ್ಯಾಲ ಫ್ಯಾನ್ ಒದರತೈತಿ, ಕಾರ್ ಕುಂಟತೈತಿ."

ನನ್ನ ಹೆಮ್ಮೆಗೆ ಯಾರೋ ಮೊಣಕೈಯಿಂದ ತಿವಿದ ಹಾಗಾಯಿತು. ನಾನು ಆರಿಸಿದ ಮಷಿನ್ ಕುಂಟುವುದೇ? ಫೋನಿನಲ್ಲಿಯೇ ಪಾಠ ಶುರು ಮಾಡಿದೆ. ಹಾಸಿಗೆಯ ಮೇಲೆ ಇಟ್ಟಿದ್ದೀಯಾ? ಇಲ್ಲ, ಮಣೆಯ ಮೇಲೆ. ವಿದ್ಯುತ್ ಉಳಿಸುವ ಆಯ್ಕೆ ಒತ್ತಿದ್ದೀಯಾ? ಇಲ್ಲ. ಗ್ರಾಫಿಕ್ಸ್ ತಂತ್ರಾಂಶ ಹೊಸದು ಹಾಕಿಸಿದೆ, ಆಟದ ಚಿತ್ರದ ಗುಣಮಟ್ಟ ಇಳಿಸಲು ಹೇಳಿದೆ. ಎಲ್ಲ ಮಾಡಿದರೂ ಅದೇ ಕುಂಟು. ಅಪ್ಪನಿಗೆ ಹೇಳಿದ್ದೀಯಾ ಎಂದು ಕೇಳಿದೆ.

"ಹೇಳಿಲ್ರಿ. ಆದರ ಫ್ಯಾನಿನ ಸಪ್ಪಳ ಅವರಿಗೂ ಕೇಳಾಕತ್ತೈತಿ. ನಿನ್ನೆ ಒಂದ ಮಾತ ಕೇಳಿದ್ರು, ಆಟದಿಂದನ ಹಿಂಗ ಆಗೈತೇನು ಅಂತ."

ಶನಿವಾರವೇ ಸ್ಪರ್ಧೆ. ಮರುದಿನ ಕಾಲೇಜು ಮುಗಿಸಿ ಮಷಿನ್ ತಂದುಕೊಟ್ಟು ಹೋಗು ಎಂದೆ.

ಮೇಜಿನ ಮೇಲಿಟ್ಟು ನೋಡಿದೆ. ಹೊರಗಿನಿಂದ ಕನ್ನಡಿಯಂತೆ ಒರೆಸಿ ಇಟ್ಟಿದ್ದಳು, ಒಂದು ಬೆರಳಿನ ಗುರುತೂ ಇಲ್ಲ. ಆಟ ಹಚ್ಚಿದ ಸ್ವಲ್ಪ ಹೊತ್ತಿಗೇ ಬಿಸಿ ಮೇಲಿನ ಮಿತಿಗೆ ಹೋಗಿ ಕುಳಿತಿತು. ಅಷ್ಟು ಬಿಸಿಯಾದರೆ ಮಷಿನ್ ತನ್ನನ್ನು ತಾನು ಉಳಿಸಿಕೊಳ್ಳಲು ವೇಗ ತಗ್ಗಿಸುತ್ತದೆ. ಆಗಲೇ ಕಾರು ಕುಂಟುವುದು. ಜಾಲರಿಗೆ ಗಾಳಿ ಊದಿದೆ, ಬದಲಾಗಲಿಲ್ಲ. ಒಳಗಿನ ತಂತ್ರಾಂಶ ಪೂರ್ತಿ ಅಳಿಸಿ ಹೊಸದು ಹಾಕಿದೆ, ಬದಲಾಗಲಿಲ್ಲ. ಮೂರು ಭಾಷೆಯಲ್ಲೂ ಬೈದೆ. ಅದಕ್ಕೂ ಬಗ್ಗಲಿಲ್ಲ.

ಅಣ್ಣ ಹೇಳಿದ: "ಬಿಚ್ಚಬ್ಯಾಡ. ವಿತರಕರಿಗೆ ಕಳಸೂಣು, ಬದಲಿ ಕೊಡತಾರ. ನೀ ಬಿಚ್ಚಿದಿ ಅಂದ್ರ ಬದಲಿ ಕೊಡೂದಿಲ್ಲ."

"ಬದಲಿ ಯಾವಾಗ ಬರತೈತಿ?"

"ಬರತೈತಿ. ಎರಡ ವಾರ, ಮೂರ ವಾರ."

ಅವನು ವ್ಯಾಪಾರಿಯಾಗಿ ಹೇಳಿದ್ದು ಸರಿಯೇ. ಆದರೆ ಮೂರು ವಾರವೆಂದರೆ ಸ್ಪರ್ಧೆ ಹೋಯಿತು, ಅದರ ಜೊತೆ ಆಟವೂ ಹೋಯಿತು. ಆಟದಿಂದ ಕೆಟ್ಟಿತು ಎಂಬ ಮಾತು ಆ ಮನೆಯಲ್ಲಿ ಗಟ್ಟಿಯಾಗಿ ಕುಳಿತುಬಿಟ್ಟರೆ ಆಮೇಲೆ ಬರುವ ಬದಲಿ ಮಷಿನ್ ಬರೀ ನೋಟ್ಸ್ ಓದುವ ಹಲಗೆಯಾಗುತ್ತದೆ. ನಾನು ಸ್ಕ್ರೂಡ್ರೈವರ್ ಎತ್ತಿಕೊಂಡೆ. ಅಣ್ಣ ಸಿಟ್ಟು ಮಾಡಿಕೊಂಡು ಹೊರಗೆ ಹೋಗಿ ನಿಂತ.

ತಳದ ಹಲಗೆ ತೆಗೆದೆ. ಬ್ಯಾಟರಿಯ ತಂತಿ ಬಿಡಿಸಿದೆ. ಫ್ಯಾನಿನ ಮುಚ್ಚಳ ಎತ್ತಿದೆ.

ಒಳಗೆಲ್ಲ ಹಳದಿ.

ಬಿಸಿ ಹೊರಹಾಕುವ ತಾಮ್ರದ ತೆಳು ರೆಕ್ಕೆಗಳ ಸಾಲು ಇರುತ್ತದಲ್ಲ, ಅದರ ಸಂದಿ ಸಂದಿಯಲ್ಲೂ ಹಳದಿ ಪುಡಿ ತೇವ ಹಿಡಿದು ಗಾರೆಯಂತೆ ಕೂತಿತ್ತು. ಫ್ಯಾನಿನ ಎಲೆಗಳಿಗೆಲ್ಲ ಹಳದಿ. ಮೂಸಿ ನೋಡಿದೆ. ಅರಿಶಿನ. ಗಾಳಿ ಹೋಗಲು ಕೂದಲೆಳೆಯಷ್ಟು ಜಾಗವಿರಲಿಲ್ಲ. ಮಷಿನ್ ಇಷ್ಟು ದಿನ ಓಡಿದ್ದೇ ಹೆಚ್ಚು. ನನಗೆ ನಗು ಉಕ್ಕಿ ಬಂತು, ಜೊತೆಗೆ ದೊಡ್ಡ ನಿರಾಳವೂ ಬಂತು. ಮಷಿನ್ ಸರಿ ಇತ್ತು. ನನ್ನ ಆಯ್ಕೆ ಸರಿ ಇತ್ತು. ಹುಡುಗಿಯ ಆಟದ್ದೂ ತಪ್ಪಿರಲಿಲ್ಲ.

ಅವಳಿಗೆ ಫೋನ್ ಮಾಡಿದೆ. "ಪೂಜಿ ಹೆಂಗ ಮಾಡಿದ್ರಿ, ಹೇಳು."

ಹೇಳಿದಳು. ಅವರ ಮನೆದೇವರಿಗೆ ಏರಿಸುವುದು ಭಂಡಾರ, ಎಂದರೆ ಅರಿಶಿನದ ಪುಡಿ. ಹೊಸದು ಏನು ಬಂದರೂ ಅದರ ಮೇಲೆ ಅಜ್ಜಿ ಮುಷ್ಟಿ ತುಂಬ ಭಂಡಾರ ಹಾರಿಸುತ್ತಾರೆ. ಮಷಿನ್ ಆಗ ಚಾಲೂ ಇತ್ತು. ಹಾಗೆ ಇಡಿಸಿದವರು ಅಪ್ಪ. ಅವರ ಕಾರ್ಖಾನೆಯಲ್ಲಿ ಖಂಡೇ ಪೂಜೆಯ, ಎಂದರೆ ಆಯುಧಪೂಜೆಯ ದಿನ ಲೇಥನ್ನು ಓಡಿಸಿಯೇ ಪೂಜೆ ಮಾಡುವುದು. ಬಂದ್ ಇದ್ದ ಮಷಿನಿಗೆ ಪೂಜೆ ಮಾಡಿದರೆ ಏನು ಫಲ ಎಂದು ಅವರ ನಂಬಿಕೆ. ಅಜ್ಜಿ ಹಾರಿಸಿದರು, ಫ್ಯಾನ್ ಅಷ್ಟನ್ನೂ ಒಳಗೆ ಎಳೆದುಕೊಂಡಿತು. ಹುಡುಗಿ ಹೊರಗಿನದನ್ನು ಒರೆಸಿಟ್ಟಳು. ಲೋಹ ಕಡಿಯುವ ಲೇಥಿಗೆ ಒಂದು ಮುಷ್ಟಿ ಅರಿಶಿನ ಯಾವ ಲೆಕ್ಕ? ಇದರ ಗತಿ ಬೇರೆ.

ನಾನು ಒಳಗಿನ ಸ್ಥಿತಿ ಹೇಳಿದೆ. ಅವಳು ದನಿ ತಗ್ಗಿಸಿದಳು:

"ಅಕ್ಕಾರ, ಮನಿಯಾಗ ಭಂಡಾರದ್ದು ಹೇಳಬ್ಯಾಡ್ರಿ. ಆಟದಿಂದ ಆತು ಅಂತನ ಹೇಳ್ರಿ."

"ಹುಚ್ಚಿ ಅದೀಯೇನ? ಆಟ ಬಂದ್ ಆಗತೈತಿ."

"ಆಗ್ಲಿ. ಅಜ್ಜಿಗೆ ಗೊತ್ತಾದ್ರ ಮನಸಿಗೆ ಹಚ್ಚಿಕೊಂಡ ಕೊರಗತಾಳ್ರಿ. ನನ್ನ ಸಲುವಾಗಿ ಖುಷೀಲೆ ಹಾರಿಸ್ಯಾಳ. ಅಪ್ಪ ಊರ ಮಂದಿಗೆಲ್ಲ ತೋರಿಸ್ಯಾನ."

ಆ ಹುಡುಗಿ ನಿಜಕ್ಕೂ ಹಾಗೆ ಮಾಡಲು ತಯಾರಿದ್ದಳು. ಮೊದಲು ಮಷಿನ್ ಸರಿಯಾಗಲಿ ಎಂದು ಫೋನ್ ಇಟ್ಟು ಕೆಲಸಕ್ಕೆ ಕುಳಿತೆ.

ತಾಮ್ರದ ರೆಕ್ಕೆಗಳನ್ನು ಬಿಚ್ಚಿ, ಸ್ಪಿರಿಟ್ಟಿನಲ್ಲಿ ನೆನೆಸಿ, ಮೆತ್ತನೆಯ ಬ್ರಶ್ಶಿನಿಂದ ಸಂದಿ ಸಂದಿ ತಿಕ್ಕಿದೆ. ಸ್ಪಿರಿಟ್ಟು ಸೋಕಿದರೆ ಅರಿಶಿನ ಇನ್ನಷ್ಟು ಬಣ್ಣ ಕಕ್ಕುತ್ತದೆ. ನನ್ನ ಹತ್ತೂ ಬೆರಳು ಹಳದಿಯಾದವು. ಸಿಟ್ಟು ಇಳಿದು ಒಳಗೆ ಬಂದ ಅಣ್ಣ ಕೈ ನೋಡಿ, "ನಿನ್ನ ಹಲ್ದಿ ಐತಿ ಅಂತ ನನಗ ಹೇಳಲೇ ಇಲ್ಲಲ್ಲ," ಎಂದ. ಮದುವೆಯ ವಿಷಯಕ್ಕೆ ಬಂದರೆ ಅವನ ಬಾಯಿಗೆ ಬೀಗವಿಲ್ಲ. ಚಿಪ್ಪಿನ ಮೇಲೆ ಹೊಸ ಪೇಸ್ಟ್ ಹಚ್ಚಿ ಜೋಡಿಸಿದೆ. ಆದರೆ ಒಂದು ಫ್ಯಾನಿನ ಅಚ್ಚಿನೊಳಗೆ ಪುಡಿ ಹೋಗಿ ಅದು ಕರಕರ ಎನ್ನುತ್ತಿತ್ತು. ಹೊಸ ಫ್ಯಾನ್ ತರಿಸಲು ಸಮಯವಿರಲಿಲ್ಲ. ಅಂಗಡಿಯಲ್ಲಿ ತೋರಿಸಲು ಇಟ್ಟಿದ್ದ ಅದೇ ಮಾದರಿಯ ಮಷಿನಿನ ಫ್ಯಾನ್ ಬಿಚ್ಚಿದೆ. ಅಣ್ಣ ನೋಡಿಯೂ ನೋಡದವನಂತೆ ಬೆನ್ನು ತಿರುಗಿಸಿದ. ಆಟ ಹಚ್ಚಿದೆ. ಮಧ್ಯಾಹ್ನ ಪೂರ್ತಿ ಓಡಿಸಿದೆ. ಕಾರು ಮತ್ತೆ ನೀರಿನ ಹಾಗೆ ಹರಿಯಿತು.

ಇನ್ನು ಉಳಿದದ್ದು ಹೇಳುವ ಕೆಲಸ. ಧೂಳು ಎಂದುಬಿಡಬಹುದಿತ್ತು. ಆದರೆ ಮುಂದಿನ ಹಬ್ಬಕ್ಕೆ ಅಜ್ಜಿಯ ಮುಷ್ಟಿ ಮತ್ತೆ ಏಳುತ್ತದೆ, ಮತ್ತೆ ಆಟವೇ ಬೈಸಿಕೊಳ್ಳುತ್ತದೆ. ನಿಜ ಹೇಳೋಣವೆಂದರೆ, ಮುಸಲ್ಮಾನರ ಮನೆಯ ನನ್ನಂಥವಳು ಹೋಗಿ ನಿಮ್ಮ ದೇವರ ಭಂಡಾರದಿಂದ ಕೆಟ್ಟಿತು ಎಂದರೆ ಹೇಗೆ ಕೇಳಿಸುತ್ತದೋ ಎಂಬ ಅಳುಕು. ಅಣ್ಣನಿಗೂ ಅದೇ ಅಳುಕು. "ಧೂಳು ಅಂದು ಕೊಟ್ಟು ಬಾ, ಇಲ್ಲದ ಉಸಾಬರಿ ಯಾಕ," ಎಂದ. ಶುಕ್ರವಾರ ಸಂಜೆ ಮಷಿನನ್ನು ತೊಡೆಯ ಮೇಲಿಟ್ಟುಕೊಂಡು ಖಾನಾಪುರದ ಬಸ್ಸು ಹತ್ತಿದಾಗಲೂ ನನಗೆ ತೀರ್ಮಾನವಾಗಿರಲಿಲ್ಲ.

ಅಪ್ಪನಿಗೆ ಮೊದಲೇ ಫೋನ್ ಮಾಡಿ, ಮಷಿನ್ ತರುತ್ತಿದ್ದೇನೆ ಎಂದೂ ನಾನು ಬರುವ ಬಸ್ಸು ಯಾವುದೆಂದೂ ಹೇಳಿದ್ದೆ. ಅವರು ಪಾಳಿ ಮುಗಿಸಿ ಮಚ್ಛೆಯಲ್ಲಿ ಅದೇ ಬಸ್ಸು ಹತ್ತಿದರು. ಪಕ್ಕದಲ್ಲಿ ಕುಳಿತು ಮೊದಲು ಮಷಿನ್ ನೋಡಿದರು, ಆಮೇಲೆ ನನ್ನನ್ನು.

"ಆಟದಿಂದನ ಹೌದಲ್ರೀ? ಖರೇ ಹೇಳ್ರಿ. ಅಕಿ ಸಲುವಾಗಿ ಮುಚ್ಚಿಡಬ್ಯಾಡ್ರಿ."

ಆ ಪ್ರಶ್ನೆಯಲ್ಲಿ ಸಿಟ್ಟಿರಲಿಲ್ಲ, ನೋವಿತ್ತು. ಮಗಳ ಆಟ ನಿಲ್ಲಿಸುವುದು ಅವರಿಗೂ ಬೇಕಿರಲಿಲ್ಲ; ಕೊಟ್ಟ ಮಾತು ಮಾತ್ರ ಬಿಡಲಾಗದು. ಆಗಲೇ ನಾನು ತೀರ್ಮಾನಿಸಿದ್ದು.

"ಮನ್ಯಾಗ ಎಲ್ಲಾರ ಮುಂದ ಹೇಳತೀನ್ರಿ," ಎಂದೆ.

ಮನೆ ಪೇಟೆ ದಾಟಿ ಹೊಳೆಯ ಕಡೆ ಹೋಗುವ ದಾರಿಯಲ್ಲಿತ್ತು. ಅಜ್ಜಿ ಬಾಗಿಲಲ್ಲೇ "ಬರ್ರಿ, ಕುಂದರ್ರಿ" ಎಂದು ಕಂಬಳಿ ಹಾಸಿದರು. ಹುಡುಗಿ ಒಳಬಾಗಿಲಲ್ಲಿ ನಿಂತು ಬೇಡ ಬೇಡ ಎಂದು ಕಣ್ಣಿನಲ್ಲೇ ಹೇಳುತ್ತಿದ್ದಳು. ನಾನು ಫೋನಿನಲ್ಲಿ ತೆಗೆದಿದ್ದ ಮಷಿನಿನ ಒಳಗಿನ ಚಿತ್ರ ಅಜ್ಜಿಯ ಕೈಗೇ ಕೊಟ್ಟೆ.

"ಇದೇನ? ನಮ್ಮ ಭಂಡಾರ ಐತಲ್ಲ," ಎಂದರು.

"ಹೌದಜ್ಜಿ. ಮಷಿನ್ ಚಾಲೂ ಇತ್ತು, ಫ್ಯಾನ್ ಒಳಗ ಎಳಕೊಂಡೈತಿ. ಉಸಿರ ಕಟ್ಟಿ ಬಿಸಿ ಆಗೈತಿ. ಆಟದ್ದೇನೂ ತಪ್ಪಿಲ್ಲ. ನಮ್ಮ ಅಂಗಡ್ಯಾಗೂ ಗುರುವಾರ ಲೋಬಾನ ಹಾಕತೀವಿ. ಆದರ ಹೊಗಿ ಹೋಗಬಾರದು ಅಂತ ಮಷಿನ್ ಮ್ಯಾಲ ಅರಿವಿ ಹೊಚ್ಚತೀವಿ."

ಅಪ್ಪ ನೆಲ ನೋಡುತ್ತ, "ಚಾಲೂ ಇಡು ಅಂದಾಂವ ನಾನ," ಎಂದರು. ಅಜ್ಜಿ ಚಿತ್ರ ನೋಡಿದರು, ಮೊಮ್ಮಗಳನ್ನು ನೋಡಿದರು, ಕೊನೆಗೆ ನನ್ನ ಕಡೆ ತಿರುಗಿದರು. ಆ ದನಿ ಈಗಲೂ ಕಿವಿಯಲ್ಲಿದೆ.

"ನೀರ ಇಡಬ್ಯಾಡ್ರಿ, ಹಾಸಗಿ ಮ್ಯಾಲ ಇಡಬ್ಯಾಡ್ರಿ ಅಂತ ಎಲ್ಲಾ ಹೇಳಿ ಕಳಿಸೀದಿ. ಭಂಡಾರದ್ದು ಒಂದ ಯಾಕ ಹೇಳಲಿಲ್ಲ? ನಮ್ಮ ಮಂದಿ ಹೊಸಾದಕ್ಕ ಭಂಡಾರ ಹಾರಸ್ತಾರ ಅಂತ ನಿನಗ ಗೊತ್ತಿಲ್ಲೇನು? ನೀ ಈ ಸೀಮ್ಯಾಕಿ ಹೌದೋ ಅಲ್ಲೋ?"

ಬೈಸಿಕೊಂಡು ಅಷ್ಟು ಸಂತೋಷ ನನಗೆ ಎಂದೂ ಆಗಿರಲಿಲ್ಲ. ಹೊರಗಿನವಳೆಂದು ಮೆತ್ತಗೆ ಮಾತಾಡಿ ಕಳಿಸಲಿಲ್ಲ ಅವರು. ಮನೆಯವಳಿಗೆ ಬೈದಂತೆ ಬೈದರು. ಅವರ ಮಾತು ಸರಿಯೂ ಆಗಿತ್ತು. "ಹೌದಜ್ಜಿ, ಹೇಳಬೇಕಿತ್ತು," ಎಂದೆ. ಅವರು ಎದ್ದು ಚಹಕ್ಕೆ ಇಟ್ಟರು. ಹುಡುಗಿ ಅವರ ಹಿಂದೆಯೇ ಹೋಗಿ ಸೆರಗು ಹಿಡಿದು ನಿಂತಳು.

ಅಪ್ಪ ಮಾತ್ರ ಇನ್ನೂ ತೂಗುತ್ತಿದ್ದರು. "ಖರೇನ ಆಟದಿಂದ ಅಲ್ಲಾ?"

"ಅಲ್ರೀ."

"ಹಂಗಾದ್ರ ನಾಳೆ ನೋಡೂಣು. ನಾ ಸ್ವತಃ ಬರತೀನಿ."

ಶನಿವಾರ ಅಂಗಡಿಯನ್ನು ಅಣ್ಣನಿಗೆ ಬಿಟ್ಟು ನಾನೂ ಹೋದೆ. ಸಭಾಂಗಣದಲ್ಲಿ ಉದ್ದನೆಯ ಮೇಜು, ಸಾಲು ಲ್ಯಾಪ್‌ಟಾಪು, ಎಲ್ಲೆಡೆ ಮಿಣಮಿಣ ದೀಪ. ನಡುವೆ ನಮ್ಮ ಬೂದು ಮಷಿನ್. ಜೊತೆಗೆ ಬಂದವರಿಗೆ ಕುರ್ಚಿಯ ಹಿಂದೆ ನಿಲ್ಲಲು ಬಿಟ್ಟಿದ್ದರು. ಅಪ್ಪ ಕಾರ್ಖಾನೆಯಲ್ಲಿ ನಿಂತ ಹಾಗೆ ನಿಂತರು. ಆಟ ಶುರುವಾದ ಕೂಡಲೇ ಬಗ್ಗಿ, ಬಿಸಿ ಗಾಳಿ ಹೊರಬರುವ ಕಡೆ ಅಂಗೈ ಒಡ್ಡಿದರು. ತೆಗೆಯಲೇ ಇಲ್ಲ.

ನನಗೆ ಪರದೆ ನೋಡಲೋ ಆ ಕೈ ನೋಡಲೋ ತಿಳಿಯದಾಯಿತು. ಮೊದಲ ಸುತ್ತುಗಳಲ್ಲಿ ಹುಡುಗಿ ಹಿಂದಿದ್ದಳು. ನಡುವೆ ಒಬ್ಬೊಬ್ಬರನ್ನೇ ದಾಟಿದಳು. ಮಷಿನ್ ಹಿಂದೆ ಕುಂಟಲು ಶುರು ಮಾಡುತ್ತಿದ್ದ ಹೊತ್ತು ಬಂತು. ನಾನು ಉಸಿರು ಬಿಗಿಹಿಡಿದೆ. ಹೊತ್ತು ದಾಟಿತು, ಕಾರು ಹರಿಯುತ್ತಲೇ ಇತ್ತು. ಕೊನೆಯ ಸುತ್ತಿನಲ್ಲಿ ಅವಳು ಎರಡನೇ ಸ್ಥಾನದಲ್ಲಿದ್ದಳು, ಮುಂದಿನ ಕಾರಿಗೆ ಅಂಟಿಕೊಂಡು. ಒಂದು ಕಡಿದಾದ ತಿರುವಿನಲ್ಲಿ ಒಳಗಿನಿಂದ ನುಗ್ಗಲು ಹೋಗಿ ಬೇಲಿಗೆ ಉಜ್ಜಿದಳು. ನಾಲ್ವರು ಮುಂದೆ ಹೋದರು. ಐದನೆಯವಳಾಗಿ ಗೆರೆ ಮುಟ್ಟಿದಳು.

ಅವಳು ಎದ್ದು ತಿರುಗಿದಾಗ ಕಣ್ಣು ತುಂಬಿದ್ದವು. "ಸೋತೆ ಅಪ್ಪಾ."

ಅಪ್ಪ ಆಗ ಕೈ ತೆಗೆದರು. ಅಂಗೈ ಕೆಂಪಾಗಿತ್ತು. ಅದನ್ನು ಅಂಗಿಗೆ ಒರೆಸಿಕೊಂಡರು.

"ಮಷಿನ್ ಎಲ್ಲೂ ನಿಂದರಲಿಲ್ಲ," ಎಂದರು. "ಆ ತಿರುವಿನ್ಯಾಗ ನೀ ಗಡಬಡಿ ಮಾಡಿದಿ. ಸ್ವಲ್ಪ ತಡದಿದ್ರ ಜಾಗಾ ಸಿಗತಿತ್ತು."

ಹುಡುಗಿ ಬಾಯಿ ತೆರೆದು ಅವರನ್ನೇ ನೋಡಿದಳು. ನಾನೂ ನೋಡಿದೆ. ಕೈ ಗಾಳಿಗೆ ಇಟ್ಟಿದ್ದರೂ ಅವರ ಕಣ್ಣು ಪೂರ್ತಿ ಆಟದ ಮೇಲೇ ಇತ್ತು.

"ಸುಮ್ನ ನಿಂತಿ ಯಾಕ?" ಎಂದರು ಅವರು, ಚಾರ್ಜರಿನ ತಂತಿ ಸುತ್ತುತ್ತ. "ಹೋಗು, ಮುಂದಿನ ಸ್ಪರ್ಧೆ ಯಾವಾಗ ಐತಿ, ಕೇಳ್ಕೊಂಡ ಬಾ."